ಪರ-ವಿರೋಧ: ರಾಜಕಾರಣಿಯನ್ನು ಕಣದಿಂದ ಹೊರಗಿಡಬೇಕೆ?

ಕೋರ್ಟು ಶಿಕ್ಷೆ ಕೊಟ್ಟವರು ಚುನಾವಣೆಗೆ ನಿಲ್ಲಬಾರದು, ಜೈಲು ಸೇರಿದವರು ಅಧಿಕಾರದಲ್ಲಿ ಇರಬಾರದು ಎಂಬ ಮಾತು ಈಗ ಜಾಸ್ತಿ ಕೇಳುತ್ತಿದೆ. ಇದರಿಂದ ರಾಜಕೀಯ ಸ್ವಲ್ಪ ಸ್ವಚ್ಛವಾಗುತ್ತದೆಯೇ? ಅಥವಾ ಆಳುವವರಿಗೆ ಎದುರಾಳಿಯನ್ನು ಮುಗಿಸುವ ಸುಲಭದ ದಾರಿಯಾಗುತ್ತದೆಯೇ? ಈ ಸಲ ಮುಂಬಯಿ ಕಡೆಯ ಇಬ್ಬರು ಕನ್ನಡಿಗರು ಬರೆದಿದ್ದಾರೆ. ಒಬ್ಬರು ಠಾಣೆಯಲ್ಲಿ ವಕೀಲರು. ಇನ್ನೊಬ್ಬರು ಮುಲುಂಡ್‌ನ ನಿವೃತ್ತ ಶಿಕ್ಷಕಿ, ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿದವರು.

ಪರ: ಜವಾನನಿಗೆ ಇರುವ ನಿಯಮ ಮಂತ್ರಿಗೂ ಇರಲಿ

ಸಂಪಾದಕರು ಫೋನ್ ಮಾಡಿದರು. "ಪರ ಬರೆಯಲು ಯಾರೂ ಸಿಗುತ್ತಿಲ್ಲ. ನೀವು ವಕೀಲರು, ನಿಮಗೆ ಯಾವ ಕಡೆಯಾದರೂ ನಡೆಯುತ್ತದೆ ಅಲ್ವಾ?" ಎಂದರು. ನಡೆಯುತ್ತದೆ. ಎದುರು ಕಡೆ ಬರೆಯುವ ಟೀಚರ್ ನನಗೆ ಪರಿಚಯದವರು. ಸುಲಭಕ್ಕೆ ಬಿಡುವವರಲ್ಲ. ಹಾಗಾಗಿ ನಾನು ಹೇಳುವುದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ.

ಕಾನೂನು ಸರಳವಾಗಿದೆ. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಶಾಸಕ ಸ್ಥಾನವೋ ಸಂಸದ ಸ್ಥಾನವೋ ಹೋಗುತ್ತದೆ. ಶಿಕ್ಷೆ ಮುಗಿಸಿ ಹೊರಬಂದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಅದರೊಳಗೇ ಒಂದು ಹಿಂಬಾಗಿಲೂ ಇತ್ತು. ಆಗಲೇ ಸ್ಥಾನದಲ್ಲಿ ಇರುವವರು ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಸಾಕು, ಅದು ತೀರ್ಮಾನ ಆಗುವವರೆಗೆ ಕುರ್ಚಿ ಭದ್ರ. ನಮ್ಮಲ್ಲಿ ಮೇಲ್ಮನವಿ ಎಷ್ಟು ವರ್ಷ ಎಳೆಯುತ್ತದೆ ಎಂದು ಬೇರೆ ಹೇಳಬೇಕೆ? 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ಅದೇ ವರ್ಷ ಮೇವು ಹಗರಣದಲ್ಲಿ ಶಿಕ್ಷೆಯಾಗಿ ಲಾಲು ಪ್ರಸಾದ್ ಯಾದವ್ ಲೋಕಸಭಾ ಸ್ಥಾನ ಕಳೆದುಕೊಂಡರು.

ಆಗಿನ ಕೇಂದ್ರ ಸರ್ಕಾರ ಆ ಬಾಗಿಲನ್ನು ಮತ್ತೆ ತೆರೆಯಲು ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತ್ತು. ರಾಹುಲ್ ಗಾಂಧಿ ಪತ್ರಕರ್ತರ ಮುಂದೆ ಬಂದು ಅದನ್ನು ಹರಿದು ಬಿಸಾಡಬೇಕು ಎಂದರು. ಸರ್ಕಾರ ವಾಪಸ್ ತೆಗೆದುಕೊಂಡಿತು. ಹತ್ತು ವರ್ಷ ಆದ ಮೇಲೆ, 2023ರ ಮಾರ್ಚ್‌ನಲ್ಲಿ, ಅದೇ ನಿಯಮ ಅವರನ್ನೇ ಹಿಡಿಯಿತು. ಟೀಚರ್ ಇದನ್ನು ಎತ್ತಿಯೇ ಎತ್ತುತ್ತಾರೆ. ಕೋಲಾರದಲ್ಲಿ ಮಾಡಿದ ಭಾಷಣ, ಸೂರತ್‌ನಲ್ಲಿ ಕೇಸು, ಎರಡು ವರ್ಷ ಶಿಕ್ಷೆ, ಮರುದಿನವೇ ಸ್ಥಾನ ಖಾಲಿ. ಸರಿ. ಆದರೆ ಸುಮಾರು ನಾಲ್ಕೂವರೆ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಅವರು ಲೋಕಸಭೆಗೆ ಮರಳಿದರು. ವ್ಯವಸ್ಥೆ ಕೆಲಸ ಮಾಡಿತು. ಮುಂದೆ ಹೋಗೋಣ.

ನನ್ನ ಕಕ್ಷಿದಾರ ಒಬ್ಬ ಹುಡುಗ ಇದ್ದಾನೆ. ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವ ಮನೆಯವರ ಮಗ. ಓದಿಕೊಂಡ. ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ ಸಿಗುವುದರಲ್ಲಿತ್ತು. ಪೊಲೀಸ್ ವೆರಿಫಿಕೇಶನ್‌ನಲ್ಲಿ ಒಂದು ಹೊಡೆದಾಟದ ಕೇಸು ಬಂತು. ಬಸ್ ಸ್ಟಾಪಿನ ಜಗಳ, ಇವನು ಹೊಡೆದನೋ ಹೊಡೆಸಿಕೊಂಡನೋ ಯಾರಿಗೂ ಗೊತ್ತಿಲ್ಲ. ಸಾಕ್ಷಿ ವಿಚಾರಣೆಯೇ ಶುರುವಾಗಿರಲಿಲ್ಲ. ಕೆಲಸ ಮಾತ್ರ ಹೋಯಿತು. ಜವಾನನಿಗೆ ಇಷ್ಟು ಬಿಗಿ. ಇನ್ನು 2024ರಲ್ಲಿ ಗೆದ್ದ 543 ಲೋಕಸಭಾ ಸದಸ್ಯರಲ್ಲಿ 251 ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸು ಇದೆ ಎಂದು ತಾವೇ ಅಫಿಡವಿಟ್‌ನಲ್ಲಿ ಬರೆದುಕೊಟ್ಟವರು. ಅವರು ಕಾನೂನು ಮಾಡುತ್ತಾರೆ. ಆ ಕಾನೂನಿನ ಪ್ರಕಾರ ನನ್ನ ಹುಡುಗನಿಗೆ ಕೆಲಸ ಇಲ್ಲ. ಜವಾನನಿಗೆ ಒಂದು, ಮಂತ್ರಿಗೆ ಇನ್ನೊಂದು ಎಂದರೆ ಹೇಗೆ?

"ಜನ ಆರಿಸಿದ್ದಾರೆ, ಜನರೇ ತೀರ್ಮಾನಿಸಲಿ" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಮತದಾರ ನ್ಯಾಯಾಧೀಶ ಅಲ್ಲ. ಅವನ ಮುಂದೆ ಸಾಕ್ಷಿ ಬರುವುದಿಲ್ಲ, ದಾಖಲೆ ಬರುವುದಿಲ್ಲ. ಅವನು ರಸ್ತೆ ನೋಡುತ್ತಾನೆ, ನೀರು ನೋಡುತ್ತಾನೆ, ಜಾತಿ ನೋಡುತ್ತಾನೆ, ಕೆಲವು ಸಲ ಮುಖ ನೋಡುತ್ತಾನೆ. ಅದು ಅವನ ಹಕ್ಕು. ಆದರೆ ಒಂದು ಲಕ್ಷ ಮತ ಬಿದ್ದರೆ ಲಂಚ ತಿಂದದ್ದು ಸುಳ್ಳಾಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಅಧಿಕಾರದಲ್ಲಿ ಕೂತ ಆರೋಪಿಯ ಮೇಲಿನ ಕೇಸು ನಡೆಯುವುದೇ ಇಲ್ಲ. ಜಯಲಲಿತಾ ಅವರ ಆಸ್ತಿ ಪ್ರಕರಣವನ್ನು ನೋಡಿ. ದೂರು ಶುರುವಾದದ್ದು 1996ರಲ್ಲಿ. 2001ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು. ಹೇಳಿಕೆ ಕೊಟ್ಟ ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿಬಿದ್ದರು. ಚೆನ್ನೈನಲ್ಲಿ ನ್ಯಾಯವಾದ ವಿಚಾರಣೆ ಆಗದು ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನೇ ಬೆಂಗಳೂರಿಗೆ ವರ್ಗಾಯಿಸಿತು. ಅಲ್ಲಿ ತೀರ್ಪು ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ನಾಲ್ಕು ವರ್ಷ ಜೈಲು, 100 ಕೋಟಿ ದಂಡ, ಸ್ಥಾನ ಹೋಯಿತು. 2015ರಲ್ಲಿ ಹೈಕೋರ್ಟ್ ಬಿಟ್ಟಿತು, 2017ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಶಿಕ್ಷೆ ಎತ್ತಿಹಿಡಿಯಿತು. ಆಗ ಜಯಲಲಿತಾ ಬದುಕಿರಲಿಲ್ಲ. ಅದೇ ಕೇಸಿನಲ್ಲಿ ಶಿಕ್ಷೆಯಾದ ಆಪ್ತೆ ಶಶಿಕಲಾ ಪರಪ್ಪನ ಅಗ್ರಹಾರ ಜೈಲಿಗೆ ಹೋದರು. ಇಪ್ಪತ್ತೊಂದು ವರ್ಷ! ಪೊಲೀಸ್ ಇಲಾಖೆ ಯಾರ ಕೈಯಲ್ಲಿ ಇರುತ್ತದೋ ಅವರ ಮೇಲೆಯೇ ಪೊಲೀಸರು ಸಾಕ್ಷಿ ತರಬೇಕು ಎಂದರೆ ಏನಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಕೇಸು ನನಗೆ ಗೊತ್ತಿಲ್ಲ. ಟೀಚರ್ ಇದಕ್ಕೆ ಉತ್ತರ ಕೊಡಲಿ.

ತಡೆ ಹಾಕಿದರೆ ಪ್ರಜಾಪ್ರಭುತ್ವ ಸತ್ತೇ ಹೋಗುತ್ತದೆ ಎಂದು ಹೆದರಿಸುವವರು ನಮ್ಮ ಮುಂಬಯಿಯನ್ನೇ ನೋಡಲಿ. 1987ರ ವಿಲೇಪಾರ್ಲೆ ಉಪಚುನಾವಣೆಯಲ್ಲಿ ಬಾಳಾಸಾಹೇಬ್ ಠಾಕ್ರೆ ಧರ್ಮದ ಹೆಸರಲ್ಲಿ ಮತ ಕೇಳಿದರು. ಶಿವಸೇನೆಯ ಕಡೆಯಿಂದ ಗೆದ್ದ ರಮೇಶ್ ಪ್ರಭು ಅವರ ಆಯ್ಕೆ ರದ್ದಾಯಿತು. 1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆ ತಾರೀಕಿನಿಂದ ಲೆಕ್ಕ ಹಿಡಿದು ಆರು ವರ್ಷ ಠಾಕ್ರೆಯವರಿಗೆ ಮತದಾನದ ಹಕ್ಕೇ ಇಲ್ಲ ಎಂದು 1999ರಲ್ಲಿ ಆದೇಶ ಬಂತು. ಮುಂಬಯಿಗೆ ಏನಾದರೂ ಆಯಿತೆ? ಸೇನೆ ಅಂಗಡಿ ಮುಚ್ಚಿತೆ? ಪಾಲಿಕೆ ಅವರ ಕೈಯಲ್ಲೇ ಇತ್ತು. ಒಬ್ಬ ನಾಯಕನ ಮೇಲೆ ತಡೆ ಬಿದ್ದರೆ ಪಕ್ಷವೇನೂ ಸಾಯುವುದಿಲ್ಲ.

ಹೊರದೇಶದ ವಿಷಯ ಎರಡೇ ಮಾತು. ಬ್ರೆಜಿಲ್‌ನಲ್ಲಿ ಅಧ್ಯಕ್ಷರಾಗಿದ್ದ ಬೋಲ್ಸನಾರೊ ವಿದೇಶಿ ರಾಯಭಾರಿಗಳನ್ನು ಕರೆಸಿ ತಮ್ಮದೇ ದೇಶದ ಮತಯಂತ್ರ ಸರಿಯಿಲ್ಲ ಎಂದರು. ಸೋತ ಮೇಲೆ ಅವರ ಬೆಂಬಲಿಗರು 2023ರ ಜನವರಿ 8ರಂದು ಸಂಸತ್ತಿಗೇ ನುಗ್ಗಿದರು. ಚುನಾವಣಾ ಕೋರ್ಟು 2030ರವರೆಗೆ ನಿಲ್ಲಬೇಡಿ ಎಂದಿತು. ತಪ್ಪೇ? ಫ್ರಾನ್ಸ್‌ನಲ್ಲಿ ಬಲಪಂಥೀಯ ನಾಯಕಿ ಮರೀನ್ ಲೆ ಪೆನ್ ಅವರಿಗೆ 2025ರ ಮಾರ್ಚ್ 31ರಂದು ಐದು ವರ್ಷದ ತಡೆ ಬಿತ್ತು. ಯುರೋಪಿಯನ್ ಸಂಸತ್ತಿನ ಹಣದಲ್ಲಿ ಪಕ್ಷದ ನೌಕರರಿಗೆ ಸಂಬಳ ಕೊಟ್ಟ ಪ್ರಕರಣ ಅದು. ತಮಾಷೆ ಎಂದರೆ, ಶಿಕ್ಷೆಯಾದ ರಾಜಕಾರಣಿಗಳಿಗೆ ಜೀವನಪೂರ್ತಿ ತಡೆ ಹಾಕಬೇಕು ಎಂದು 2013ರಲ್ಲಿ ಹೇಳುತ್ತಿದ್ದವರು ಅವರೇ.

ಇನ್ನು 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ 130ನೇ ತಿದ್ದುಪಡಿ ಮಸೂದೆ. ಐದು ವರ್ಷ ಅಥವಾ ಜಾಸ್ತಿ ಶಿಕ್ಷೆಯಾಗಬಲ್ಲ ಆರೋಪದಲ್ಲಿ ಸತತ 30 ದಿನ ಕಸ್ಟಡಿಯಲ್ಲಿದ್ದರೆ ಮಂತ್ರಿ, ಮುಖ್ಯಮಂತ್ರಿ, ಪ್ರಧಾನಿ ಯಾರೇ ಆದರೂ ಕುರ್ಚಿ ಬಿಡಬೇಕು. ಇದರ ಬಗ್ಗೆ ನನಗೆ ಅಷ್ಟೇನೂ ಉತ್ಸಾಹ ಇಲ್ಲ. ಜಾಮೀನು ಎಷ್ಟು ಸುಲಭಕ್ಕೆ ಸಿಗುತ್ತದೆ ಎಂದು ಕೋರ್ಟಿನ ಬಾಗಿಲು ಕಾಯುವವನಿಗೆ ಗೊತ್ತು. ಆದರೂ ನನಗೆ ಕೊಟ್ಟ ಕಡೆಯಿಂದ ಹೇಳಬೇಕಾದದ್ದನ್ನು ಹೇಳುತ್ತೇನೆ. 2024ರಲ್ಲಿ ದೆಹಲಿಗೆ ತಿಂಗಳುಗಟ್ಟಲೆ ಜೈಲಿನಲ್ಲಿದ್ದ ಮುಖ್ಯಮಂತ್ರಿ ಇದ್ದರು. ಫೈಲ್ ಹಿಡಿದುಕೊಂಡು ಕಾರ್ಯದರ್ಶಿ ತಿಹಾರ್ ಗೇಟಿಗೆ ಹೋಗಬೇಕೆ? ಜವಾನ ಎರಡು ದಿನ ಲಾಕಪ್‌ನಲ್ಲಿದ್ದರೆ ಸಸ್ಪೆಂಡ್ ಆಗುತ್ತಾನೆ. ನಾನು ಕೇಳುವುದು ಅಷ್ಟನ್ನೇ.

ವಿರೋಧ: ಮೊದಲು ಹೆಸರು ಹೊಡೆಯುತ್ತಾರೆ, ಆಮೇಲೆ ಚುನಾವಣೆ ಮಾಡುತ್ತಾರೆ

ವಕೀಲರು ತಮ್ಮ ಬರಹವನ್ನು ನನಗೆ ಮೊದಲೇ ಕಳಿಸಿದ್ದರು. ದೊಡ್ಡ ಮನಸ್ಸು. ಓದಿ ನನಗೆ ತಿಳಿದದ್ದು ಇಷ್ಟು. ವಕೀಲರ ಪ್ರಕಾರ ಮತದಾರ ಎಂದರೆ ಮುಖ ನೋಡಿ ಮತ ಹಾಕುವ ಪೆದ್ದ. ಅವನ ಕೈಗೆ ಯಾರ ಹೆಸರು ಕೊಡಬೇಕು ಎಂದು ಕರಿಕೋಟು ಹಾಕಿದವರು ಮೊದಲು ಆರಿಸಿ ಕೊಡಬೇಕು. ಹೀಗೆ ಆರಿಸಿ ಕೊಡುವ ಪದ್ಧತಿ ಇರಾನ್‌ನಲ್ಲಿ ಇದೆ. ಅಲ್ಲಿ ಒಂದು ಮಂಡಳಿ ಕೂತು ಅಭ್ಯರ್ಥಿಗಳನ್ನು ಜಾಲಿಸಿ ಬಿಡುತ್ತದೆ. ಜನ ಉಳಿದವರಿಗೆ ಮತ ಹಾಕುತ್ತಾರೆ. ವಕೀಲರಿಗೆ ಅದು ಇಷ್ಟವಾಗಬಹುದು.

ನಾನು ಬೆಳೆದದ್ದು ಗಿರ್ಗಾಂವ್‌ನ ಚಾಳಿನಲ್ಲಿ. ಅಪ್ಪ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ದೇವರ ಫೋಟೋ ಬಿಟ್ಟರೆ ಮಾತಿಗೆ ಬರುತ್ತಿದ್ದ ಇನ್ನೊಂದು ಹೆಸರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನ ಹುಡುಗ, ಕೈಯಲ್ಲಿ ಕಾಸಿಲ್ಲದೆ ಬೊಂಬಾಯಿಗೆ ಬಂದು ಚೌಪಾಟಿಯ ಬೆಂಚಿನಲ್ಲಿ ಮಲಗಿದವರು. ಟ್ಯಾಕ್ಸಿಯವರನ್ನು, ಪಾಲಿಕೆ ಕಾರ್ಮಿಕರನ್ನು, ಹೋಟೆಲ್ ಮಾಣಿಗಳನ್ನು ಒಟ್ಟು ಮಾಡಿದರು. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ಎಂದರೆ ಆಗ ಈ ಊರಿನ ಕಿರೀಟವಿಲ್ಲದ ರಾಜ. ಆ ರಾತ್ರಿ ಹೋಟೆಲಿನಲ್ಲಿ ಸಿಹಿ ಹಂಚಿದ ಕಥೆಯನ್ನು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ತುರ್ತುಪರಿಸ್ಥಿತಿಯಲ್ಲಿ ಜಾರ್ಜ್ ತಲೆ ತಪ್ಪಿಸಿಕೊಂಡು ಓಡಾಡಿದರು. 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸಿಕ್ಕಿಬಿದ್ದರು. ಬರೋಡಾ ಡೈನಮೈಟ್ ಕೇಸು. ರೈಲು ಹಳಿ, ಸರ್ಕಾರಿ ಕಟ್ಟಡ ಸ್ಫೋಟಿಸುವ ಸಂಚು ಎಂಬ ಆರೋಪ, ಸಣ್ಣದೇನಲ್ಲ. 1977ರ ಮಾರ್ಚ್‌ನಲ್ಲಿ ಜೈಲಿನಲ್ಲೇ ಇದ್ದುಕೊಂಡು ಬಿಹಾರದ ಮುಜಫ್ಫರ್‌ಪುರದಿಂದ ನಿಂತರು. ಕ್ಷೇತ್ರಕ್ಕೆ ಕಾಲಿಡಲಿಲ್ಲ. ಬೇಡಿ ಹಾಕಿದ ಕೈ ಎತ್ತಿದ ಫೋಟೋ ಊರೂರು ಸುತ್ತಿತು. ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು, ಕೇಂದ್ರ ಮಂತ್ರಿಯಾದರು. ಕೇಸು ವಾಪಸ್ ಆಯಿತು.

"ಅವರಿಗೆ ಶಿಕ್ಷೆ ಆಗಿರಲಿಲ್ಲವಲ್ಲ" ಎಂದು ವಕೀಲರು ಎದ್ದು ನಿಲ್ಲುತ್ತಾರೆ. ನಿಜ, ಆಗಿರಲಿಲ್ಲ. ತುರ್ತುಪರಿಸ್ಥಿತಿ ಇನ್ನೊಂದು ವರ್ಷ ನಡೆದಿದ್ದರೆ? ಆಗಲೂ ಆಗುತ್ತಿರಲಿಲ್ಲ ಎಂದು ಬರೆದುಕೊಡುತ್ತೀರಾ? ಇನ್ನೊಂದು ವಿಷಯ. ಲಿಲಿ ಥಾಮಸ್ ತೀರ್ಪನ್ನು ವಕೀಲರು ಹೊಗಳಿದರು. ಅದೇ 2013ರ ಜುಲೈ 10ರಂದು ಸುಪ್ರೀಂ ಕೋರ್ಟ್ ಕೊಟ್ಟ ಇನ್ನೊಂದು ತೀರ್ಪನ್ನು ಮಾತ್ರ ಹೇಳಲಿಲ್ಲ. ಜೈಲಿನಲ್ಲಿ ಇರುವವನಿಗೆ ಮತ ಹಾಕುವ ಹಕ್ಕಿಲ್ಲ, ಹಾಗಾಗಿ ನಿಲ್ಲುವ ಹಕ್ಕೂ ಇಲ್ಲ ಎಂದು ಅದು ಹೇಳಿತ್ತು. ಶಿಕ್ಷೆ ಬೇಕಿಲ್ಲ, ನಾಮಪತ್ರದ ದಿನ ಲಾಕಪ್‌ನಲ್ಲಿದ್ದರೆ ಸಾಕು! ಅದೇ ವರ್ಷ ಸಂಸತ್ತು ಕಾನೂನು ತಿದ್ದಿ ಅದನ್ನು ಸರಿಮಾಡಿತು. ಇಲ್ಲದಿದ್ದರೆ ಪ್ರತಿ ಚುನಾವಣೆಯ ಹಿಂದಿನ ವಾರ ಪೊಲೀಸ್ ಠಾಣೆಗಳು ತುಂಬಿ ತುಳುಕುತ್ತಿದ್ದವು.

ಇಷ್ಟು ದೊಡ್ಡ ದೊಡ್ಡವರ ಮಾತು ಬೇಡ ಎನ್ನುವವರಿಗೆ ನಮ್ಮ ಸೊಸೈಟಿಯ ಕಥೆ ಹೇಳುತ್ತೇನೆ. ಸಂಪಾದಕರು ಸೊಸೈಟಿ ಜಗಳ ಬರೆಯಬೇಡಿ ಎಂದಿದ್ದರು. ಬರೆಯುತ್ತೇನೆ.

ನಮ್ಮದು ಹಳೇ ಕಟ್ಟಡ. ಮಳೆಗಾಲದಲ್ಲಿ ಮೇಲಿನ ಮಾಳಿಗೆಯವರ ಮನೆಯಲ್ಲಿ ಬಕೆಟ್ ಇಡಬೇಕು. ಟೆರೇಸ್ ವಾಟರ್‌ಪ್ರೂಫಿಂಗ್ ಎಂದು ಎಲ್ಲರ ಹತ್ತಿರ ದುಡ್ಡು ತೆಗೆದುಕೊಂಡರು. ಕೆಲಸ ಆಯಿತು. ಮುಂದಿನ ಮಳೆಗೆ ಮತ್ತೆ ಅದೇ ಬಕೆಟ್. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಬಿಲ್ ತೋರಿಸಿ ಎಂದೆ. ಕಾರ್ಯದರ್ಶಿ ನಗುತ್ತಾ "ಟೀಚರ್, ಸಮೋಸ ಆರುತ್ತದೆ, ತಿನ್ನಿ" ಎಂದರು. ಜನ ನಕ್ಕರು. ನನಗೆ ಸಿಟ್ಟು ಬಂತು. ಮುಂದಿನ ಸಲ ಕಮಿಟಿಗೆ ನಾನೇ ನಿಲ್ಲುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ.

ಆಗ ಕುಂದಾಪುರದಿಂದ ನನ್ನ ತಮ್ಮ ಬಂದು ನಮ್ಮ ಜೊತೆ ಇದ್ದ. ಇಲ್ಲಿ ಕೆಲಸ ಸಿಕ್ಕಿತ್ತು, ಬೇರೆ ಮನೆ ನೋಡುವವರೆಗೆ ಅಕ್ಕನ ಮನೆ. ಇದರಲ್ಲಿ ಏನಿದೆ? ಮುಂದಿನ ಮೇಂಟೆನೆನ್ಸ್ ಬಿಲ್ಲಿನಲ್ಲಿ ಹೊಸ ಸಾಲೊಂದು ಬಂತು: ನಾನ್-ಆಕ್ಯುಪೆನ್ಸಿ ಚಾರ್ಜ್. ಮನೆ ಮಾಲೀಕರು ತಾವು ಇರದೆ ಬಾಡಿಗೆಗೆ ಕೊಟ್ಟರೆ ಹಾಕುವ ಶುಲ್ಕ ಅದು. ನಾನು ಆ ಮನೆಯಲ್ಲೇ ಇದ್ದೇನೆ, ದಿನಾ ಲಿಫ್ಟಿನಲ್ಲಿ ಕಾರ್ಯದರ್ಶಿಯ ಮುಖ ನೋಡುತ್ತಿದ್ದೇನೆ! ಹೋಗಿ ಕೇಳಿದರೆ "ಬೇರೆ ಗಂಡಸು ಇದ್ದಾನಂತಲ್ಲ, ಬಾಡಿಗೆಯವನೋ ತಮ್ಮನೋ ನಮಗೆ ಹೇಗೆ ಗೊತ್ತು, ನಿಯಮ ನಿಯಮವೇ" ಎಂದರು. ತಮ್ಮನ ಆಧಾರ್ ತೋರಿಸಿದೆ, ಅದರಲ್ಲಿ ಅಪ್ಪನ ಹೆಸರಿದೆ ನೋಡಿ ಎಂದೆ. ಕಮಿಟಿಯಲ್ಲಿ ಇಡುತ್ತೇವೆ ಎಂದರು. ನಮ್ಮ ಯಜಮಾನರು "ಕಟ್ಟಿಬಿಡು ಮಾರಾಯ್ತಿ, ಸುಮ್ನೆ ಯಾಕೆ ರಗಳೆ" ಎಂದರು. ನಾನು ಕಟ್ಟಲಿಲ್ಲ. ಉಳಿದ ಮೇಂಟೆನೆನ್ಸ್ ಪೈಸೆ ಬಿಡದೆ ಕಟ್ಟಿದೆ, ಆ ಸಾಲು ಮಾತ್ರ ಬಿಟ್ಟೆ.

ಅವರಿಗೆ ಬೇಕಾದದ್ದೂ ಅದೇ. ಅಂಚೆಯಲ್ಲಿ ನೋಟಿಸ್ ಬಂತು. ಮೂರು ತಿಂಗಳು ಕಳೆಯಿತು. ಸಹಕಾರ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು ಮೂರು ತಿಂಗಳಲ್ಲಿ ಬಾಕಿ ಕಟ್ಟದ ಸದಸ್ಯ ಡಿಫಾಲ್ಟರ್. ಡಿಫಾಲ್ಟರ್ ಆದವರು ಕಮಿಟಿಗೆ ನಿಲ್ಲುವಂತಿಲ್ಲ. ಕೆಳಗೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದರು. ನನ್ನ ಹೆಸರು, ಫ್ಲ್ಯಾಟ್ ನಂಬರ್, ಬಾಕಿ ಮೊತ್ತ. ಹಾಲಿನವನೂ ಓದಿದ, ವಾಚ್‌ಮನ್ ಓದಿದ, ಟ್ಯೂಷನ್‌ಗೆ ಬರುವ ಮಕ್ಕಳು ಓದಿದರು. ವರ್ಷಾನುಗಟ್ಟಲೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು, ಸಾಲ ತೀರಿಸದವಳು ಎಂದು ಬೋರ್ಡು. ನಾಮಪತ್ರ ತಿರಸ್ಕಾರವಾಯಿತು. ನನ್ನ ಜೊತೆ ನಿಲ್ಲುತ್ತೇನೆ ಎಂದಿದ್ದ ಮೂರನೇ ಮಾಳಿಗೆಯ ಗುಜರಾತಿ ಆಂಟಿ "ನನಗೂ ಏನಾದರೂ ಚಾರ್ಜ್ ಹಾಕಿದರೆ ಕಷ್ಟ" ಎಂದು ಹಿಂದೆ ಸರಿದರು. ಕಮಿಟಿ ಅವಿರೋಧವಾಗಿ ಆಯ್ಕೆಯಾಯಿತು. ಪೇಢೆ ಹಂಚಿದರು. ನಮ್ಮ ಮನೆಗೂ ಕಳಿಸಿದರು!

ಡೆಪ್ಯುಟಿ ರಿಜಿಸ್ಟ್ರಾರ್ ಕಚೇರಿಗೆ ಹೋದೆ. ಒಂದು ದಿನ ಅಧಿಕಾರಿ ಇಲ್ಲ, ಇನ್ನೊಂದು ದಿನ ಸೊಸೈಟಿಯವರು ಬರಲಿಲ್ಲ. ಕೊನೆಗೆ ಆದೇಶ ನನ್ನ ಪರ ಬಂತು. ಆ ಚಾರ್ಜ್ ಹಾಕಿದ್ದೇ ತಪ್ಪು, ತೆಗೆಯಿರಿ ಎಂದು. ಅಷ್ಟರಲ್ಲಿ ಹೊಸ ಕಮಿಟಿ ಕೂತು ಆಗಿತ್ತು, ಅದರ ಅವಧಿ ಐದು ವರ್ಷ. ವಕೀಲರು ಸೂರತ್ ಕೇಸಿನ ಬಗ್ಗೆ "ವ್ಯವಸ್ಥೆ ಕೆಲಸ ಮಾಡಿತು" ಎಂದರಲ್ಲ, ಇದೂ ಅಂಥದೇ. ನನ್ನ ವಿಷಯದಲ್ಲೂ ಕೆಲಸ ಮಾಡಿತು, ಚುನಾವಣೆ ಮುಗಿದ ಮೇಲೆ.

ನಿಂತಿದ್ದರೆ ಗೆಲ್ಲುತ್ತಿದ್ದೆನೇ? ಬಹುಶಃ ಸೋಲುತ್ತಿದ್ದೆ. ಕಾರ್ಯದರ್ಶಿಗೆ ಜನ ಇದ್ದಾರೆ. ಗಣಪತಿಗೆ ಊಟ ಚೆನ್ನಾಗಿ ಹಾಕಿಸುತ್ತಾರೆ, ಯಾರದಾದರೂ ಮನೆಯಲ್ಲಿ ಸಾವಾದರೆ ಮೊದಲು ಬರುವವರು ಅವರೇ. ಆದರೆ ನಾನು ಕಣದಲ್ಲಿ ಇದ್ದಿದ್ದರೆ ಆ ಟೆರೇಸ್ ಬಿಲ್ಲಿನ ಮಾತು ಪ್ರತಿ ಮನೆಯ ಬಾಗಿಲಲ್ಲೂ ಬರುತ್ತಿತ್ತು. ಅವರು ಅದಕ್ಕೆ ಉತ್ತರ ಹೇಳಿಯೇ ಗೆಲ್ಲಬೇಕಾಗುತ್ತಿತ್ತು. ನನ್ನ ಹೆಸರು ಹೊಡೆದಾಗ ಆ ಪ್ರಶ್ನೆಯೂ ಹೋಯಿತು. ಟೆರೇಸ್ ಬಿಲ್ಲನ್ನು ಇವತ್ತಿಗೂ ನಾನು ನೋಡಿಲ್ಲ.

ದೇಶಗಳಲ್ಲಿ ನಡೆಯುವುದೂ ಇದೇ. ಟರ್ಕಿಯಲ್ಲಿ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಡಿಗ್ರಿ ಇರಬೇಕು. ಆಗ ಇಸ್ತಾಂಬುಲ್ ಮೇಯರ್ ಆಗಿದ್ದ ಎಕ್ರೆಮ್ ಇಮಾಮೊಲು ಅಧ್ಯಕ್ಷ ಎರ್ದೊಗಾನ್‌ಗೆ ದೊಡ್ಡ ಎದುರಾಳಿ. 2025ರ ಮಾರ್ಚ್ 18ರಂದು ವಿಶ್ವವಿದ್ಯಾಲಯ ಅವರ ಹಳೇ ಡಿಗ್ರಿಯನ್ನೇ ರದ್ದು ಮಾಡಿತು. ಮರುದಿನ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಅವರಿಗೆ ಡಿಗ್ರಿ, ನನಗೆ ನಾನ್-ಆಕ್ಯುಪೆನ್ಸಿ! ಪಾಕಿಸ್ತಾನದಲ್ಲಿ 2017ರಲ್ಲಿ ನವಾಜ್ ಷರೀಫ್ ಅನರ್ಹ, ಇಮ್ರಾನ್ ಖಾನ್‌ಗೆ ದಾರಿ ಸಲೀಸು. 2023ರಲ್ಲಿ ಇಮ್ರಾನ್ ಅನರ್ಹ. 2024ರ ಜನವರಿಯಲ್ಲಿ ಅವರ ಪಕ್ಷದ ಬ್ಯಾಟ್ ಚಿಹ್ನೆಯೂ ಹೋಯಿತು, ಅದೇ ತಿಂಗಳು ಜೀವನಪೂರ್ತಿ ತಡೆ ಸರಿಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ ನವಾಜ್‌ಗೆ ಬಾಗಿಲು ತೆರೆಯಿತು. ಥಾಯ್ಲೆಂಡ್‌ನಲ್ಲಂತೂ ಪಕ್ಷವನ್ನೇ ಮುಚ್ಚುತ್ತಾರೆ. 2023ರ ಚುನಾವಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸೀಟು ಗೆದ್ದ ಮೂವ್ ಫಾರ್ವರ್ಡ್ ಪಕ್ಷವನ್ನು 2024ರ ಆಗಸ್ಟ್‌ನಲ್ಲಿ ಕೋರ್ಟು ವಿಸರ್ಜಿಸಿತು.

ವಕೀಲರು ಬ್ರೆಜಿಲ್ ಹೇಳಿ ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ನಾನು ಹೇಳುತ್ತೇನೆ. 2010ರಲ್ಲಿ ಅಲ್ಲಿ ಒಂದು ಕಾನೂನು ಬಂತು, ಮೇಲ್ಮನವಿ ಕೋರ್ಟಿನಲ್ಲಿ ಶಿಕ್ಷೆ ಖಾಯಂ ಆದವರು ನಿಲ್ಲಬಾರದು ಎಂದು. ಅದಕ್ಕೆ ಸಹಿ ಹಾಕಿದ ಅಧ್ಯಕ್ಷರು ಲೂಲಾ. 2018ರಲ್ಲಿ ಅದೇ ಕಾನೂನಿನಡಿ ಲೂಲಾ ಅವರನ್ನೇ ತಡೆದರು. ಆಗ ಸಮೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದಿದ್ದವರು ಅವರು. ಗೆದ್ದದ್ದು ಬೋಲ್ಸನಾರೊ. ಲೂಲಾಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶ ಸರ್ಜಿಯೊ ಮೊರೊ ಬೋಲ್ಸನಾರೊ ಸರ್ಕಾರದಲ್ಲಿ ನ್ಯಾಯ ಮಂತ್ರಿಯಾದರು! 2021ರಲ್ಲಿ ಶಿಕ್ಷೆಗಳು ರದ್ದಾದವು, ಆ ನ್ಯಾಯಾಧೀಶ ಪಕ್ಷಪಾತ ಮಾಡಿದರು ಎಂದು ಸುಪ್ರೀಂ ಕೋರ್ಟೇ ಹೇಳಿತು. 2022ರಲ್ಲಿ ಲೂಲಾ ಗೆದ್ದರು. ನಡುವಿನ ನಾಲ್ಕು ವರ್ಷವನ್ನು ಬ್ರೆಜಿಲ್ ಜನರಿಗೆ ಯಾರು ವಾಪಸ್ ಕೊಡುತ್ತಾರೆ?

ನಿಯಮ ಎಲ್ಲರಿಗೂ ಒಂದೇ ಎನ್ನುತ್ತಾರೆ ವಕೀಲರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್‌ನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಇಂದಿರಾ ಗಾಂಧಿಯವರ ಆಯ್ಕೆ ರದ್ದು ಮಾಡಿ ಆರು ವರ್ಷ ತಡೆ ಹಾಕಿದರು. ಏನಾಯಿತು? ಇಂದಿರಾ ಮನೆಗೆ ಹೋದರೇ? ಎರಡು ವಾರದೊಳಗೆ ತುರ್ತುಪರಿಸ್ಥಿತಿ ಬಂತು. ಆಗಸ್ಟ್‌ನಲ್ಲಿ ಚುನಾವಣಾ ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಯ್ಕೆ ಸರಿ ಎಂದಿತು. ಅಧಿಕಾರದಲ್ಲಿ ಇರುವವರ ಮೇಲೆ ತಡೆ ಬಿದ್ದರೆ ಅವರು ತಡೆಯನ್ನೇ ಕಿತ್ತು ಹಾಕುತ್ತಾರೆ. ಇಲ್ಲದವರು ಒಳಗೆ ಹೋಗುತ್ತಾರೆ.

ಅವರನ್ನು ಇಳಿಸಿದ್ದು 1977ರ ಮತದಾರ, ವಕೀಲರ ಆ ಪೆದ್ದ. ಆಮೇಲೆ ಜನತಾ ಪಕ್ಷದವರು ಅದೇ ತಪ್ಪು ಮಾಡಿದರು. 1978ರ ನವೆಂಬರ್‌ನಲ್ಲಿ ಇಂದಿರಾ ನಮ್ಮ ಚಿಕ್ಕಮಗಳೂರಿಗೆ ಬಂದು ವೀರೇಂದ್ರ ಪಾಟೀಲರ ಎದುರು ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಹಕ್ಕುಚ್ಯುತಿ ಎಂದು ಹೇಳಿ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿತು. ಚಿಕ್ಕಮಗಳೂರಿನ ಜನ ಹಾಕಿದ ಮತ ಒಂದೂವರೆ ತಿಂಗಳಲ್ಲಿ ಕಸದ ಬುಟ್ಟಿಗೆ ಹೋಯಿತು. ಅಲ್ಲಿವರೆಗೆ ಬೈಯುತ್ತಿದ್ದವರೂ "ಪಾಪ" ಎನ್ನತೊಡಗಿದರು, ನನ್ನ ಅಮ್ಮನೂ ಸೇರಿ. 1980ರಲ್ಲಿ ಅವರು ಮತ್ತೆ ಪ್ರಧಾನಿ.

ನಮ್ಮ ಮಹಾರಾಷ್ಟ್ರದ ವಿಷಯ ಹೇಳಿ ಮುಗಿಸುತ್ತೇನೆ. 2022ರ ಜೂನ್‌ನಲ್ಲಿ ರಾಜ್ಯಸಭಾ ಚುನಾವಣೆ. ಆರನೇ ಸೀಟಿಗೆ ಒಂದೊಂದು ಮತಕ್ಕೂ ಜಗ್ಗಾಟ. ಅನಿಲ್ ದೇಶಮುಖ್, ನವಾಬ್ ಮಲಿಕ್ ಇಬ್ಬರೂ ಶಾಸಕರು, ಇಬ್ಬರೂ ಇ.ಡಿ. ಕೇಸಿನಲ್ಲಿ ಒಳಗೆ. ಶಿಕ್ಷೆಯಾಗಿರಲಿಲ್ಲ. ಮತ ಹಾಕಲು ಕೋರ್ಟು ಬಿಡಲಿಲ್ಲ. ಶಿವಸೇನೆಯ ಎರಡನೇ ಅಭ್ಯರ್ಥಿ ಸೋತರು. ಅದೇ ತಿಂಗಳ ಕೊನೆಗೆ ಸರ್ಕಾರವೇ ಬಿತ್ತು. ಇನ್ನು ಛಗನ್ ಭುಜಬಲ್. 2016ರ ಮಾರ್ಚ್‌ನಲ್ಲಿ ಇ.ಡಿ. ಹಿಡಿಯಿತು, 2018ರ ಮೇನಲ್ಲಿ ಜಾಮೀನು. 2019ರಲ್ಲಿ ಉದ್ಧವ್ ಠಾಕ್ರೆ ಸರ್ಕಾರದಲ್ಲಿ ಸಚಿವರು. 2023ರ ಜುಲೈನಲ್ಲಿ ಎದುರು ಕಡೆಯ ಸರ್ಕಾರದಲ್ಲೂ ಸಚಿವರು. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅದು ಕೋರ್ಟಿನ ಕೆಲಸ. ವಕೀಲರ ಮೂವತ್ತು ದಿನದ ನಿಯಮ ಇದ್ದರೆ ಅದು ಯಾವಾಗ ಕಚ್ಚುತ್ತದೆ, ಯಾವಾಗ ಬಾಲ ಅಲ್ಲಾಡಿಸುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಜಯಲಲಿತಾ ಕೇಸಿಗೆ ಉತ್ತರ ಕೊಡಿ ಎಂದು ವಕೀಲರು ಕೇಳಿದ್ದಾರೆ. ಅದು ತಮಿಳುನಾಡಿನ ಕಥೆ, ಅಲ್ಲಿನದೇ ಬೇರೆ ಲೆಕ್ಕ. ಅವರ ಜವಾನ ಹುಡುಗನಿಗೆ ಅನ್ಯಾಯ ಆಗಿದೆ, ಒಪ್ಪುತ್ತೇನೆ. ಹಾಗಿದ್ದರೆ ಆ ಹುಡುಗನಿಗೆ ಕೆಲಸ ಕೊಡಿಸಿ. ಅವನಿಗಾದ ಅನ್ಯಾಯವನ್ನು ಎಲ್ಲರಿಗೂ ಹಂಚಬೇಕು ಎನ್ನುವುದು ಯಾವ ವಾದ?

ನನಗೇನೂ ಕಳ್ಳರ ಮೇಲೆ ಪ್ರೀತಿ ಇಲ್ಲ. ಶಾಸಕರು, ಸಂಸದರ ಮೇಲಿನ ಗಂಭೀರ ಕೇಸುಗಳು ಆರೋಪ ಹೊರಿಸಿದ ಒಂದು ವರ್ಷದೊಳಗೆ ಮುಗಿಯಬೇಕು ಎಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲೇ ಹೇಳಿದೆ. ಅದನ್ನು ಮಾಡಿ ತೋರಿಸಿ. ಮೇಲ್ಮನವಿಯೂ ಬೇಗ ಮುಗಿಯಲಿ. ಕೊನೆಯ ಕೋರ್ಟು ತಪ್ಪಿತಸ್ಥ ಎಂದ ಮೇಲೆ ತಡೆ ಹಾಕಿ, ನಾನು ಬಾಯಿ ತೆರೆಯುವುದಿಲ್ಲ. ಅದು ಕಷ್ಟದ ಕೆಲಸ, ಅದಕ್ಕೆ ನ್ಯಾಯಾಧೀಶರು ಬೇಕು, ದುಡ್ಡು ಬೇಕು. ಮೂವತ್ತು ದಿನ ಒಳಗಿಡುವುದಕ್ಕೆ ಒಬ್ಬ ಅಧಿಕಾರಿ ಸಾಕು. ಬಿಡುಗಡೆಯಾದ ಮೇಲೆ ಅವರನ್ನೇ ಮತ್ತೆ ಮಂತ್ರಿ ಮಾಡಬಹುದು ಎಂದು ಮಸೂದೆಯಲ್ಲಿ ಬರೆದಿದ್ದಾರೆ. ಅಷ್ಟು ಹೊತ್ತಿಗೆ ಅವರ ಸರ್ಕಾರ ಉಳಿದಿರಬೇಕಲ್ಲ!